ಮಾಡದ ತಪಾಸಣೆಗೆ ಸಹಿ: ನಿಮ್ಮ ವಾರ್ಡುಗಳಲ್ಲಿ ಏನು ಮಾಡುತ್ತೀರಿ?

ನೀಲಿಸೀರೆ

ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ರಾತ್ರಿ ಪಾಳಿಯ ಜವಾಬ್ದಾರಿ ನನ್ನದು. 40 ಹಾಸಿಗೆಗಳ ಜನರಲ್ ಮೆಡಿಸಿನ್ ವಾರ್ಡ್, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಇಬ್ಬರು ನರ್ಸುಗಳು, ಒಬ್ಬ ಆಯಾ. ಡೆಂಗಿ ಜ್ವರದ ಕಾಲದಲ್ಲಿ ನಡುವೆ ಹೆಚ್ಚುವರಿ ಮಂಚ ಹಾಕುತ್ತಾರೆ. ಆಗಲೂ ನಾವು ಇಬ್ಬರೇ.

ಬಹುತೇಕ ಎಲ್ಲ ಕೇಸ್ ಶೀಟುಗಳಲ್ಲೂ ನಾಲ್ಕು ಗಂಟೆಗೊಮ್ಮೆ ಜ್ವರ, ನಾಡಿ, ಉಸಿರು, ಬಿಪಿ ನೋಡಬೇಕೆಂದು ಬರೆದಿರುತ್ತದೆ. ಬೆಳಗಿನ ರೌಂಡ್ಸ್ ಹೊತ್ತಿಗೆ ಒಂದು ಅಂಕಣವೂ ಖಾಲಿ ಇರಕೂಡದು ಎಂಬುದು ಮೇಲಿನವರ ಆದೇಶ. ನೋಡಿದಿರಾ ಎಂದು ಯಾರೂ ಕೇಳುವುದಿಲ್ಲ, ತುಂಬಿದಿರಾ ಎಂದು ಕೇಳುತ್ತಾರೆ. ಕಾಲೇಜಿನಿಂದ ನೇರವಾಗಿ ಬಂದ ಹುಡುಗಿಯರು ಮೊದಲ ತಿಂಗಳಲ್ಲೇ ಒಂದು ವಿದ್ಯೆ ಕಲಿಯುತ್ತಾರೆ: ರಾತ್ರಿ ಹತ್ತು ಗಂಟೆಯ ಅಂಕಿಯನ್ನು ಚೂರು ಹೆಚ್ಚುಕಡಿಮೆ ಮಾಡಿ ಎರಡು ಗಂಟೆಗೂ ಆರು ಗಂಟೆಗೂ ಬರೆದು ಸಹಿ ಹಾಕುವುದು. ನನ್ನ ಪಾಳಿಯಲ್ಲಿ ಇದು ಬೇಡ ಎಂದು ಹೇಳಿದ್ದೇನೆ. ನೋಡದ ಕಡೆ ಖಾಲಿ ಬಿಡಿಸುತ್ತೇನೆ. ಈಗ ನನಗೆ ಮೆಮೊ ಬಂದಿದೆ. ಕಾರಣ, ದಾಖಲೆ ಅಪೂರ್ಣ.

ಇತ್ತೀಚೆಗೆ ವೃತ್ತಿ ತೃಪ್ತಿಯ ಸಮೀಕ್ಷೆ ಎಂದು ಒಂದು ನಮೂನೆ ಹಂಚಿದರು. ಕ್ಯಾಂಟೀನ್ ಊಟ, ಸಮವಸ್ತ್ರ, ಲಾಕರ್, ಸಂಬಳ, ರಜೆ, ಮೇಲಧಿಕಾರಿಯ ನಡವಳಿಕೆ, ಇವಕ್ಕೆಲ್ಲ ಒಂದರಿಂದ ಐದರವರೆಗೆ ಅಂಕ ಕೊಡಬೇಕಿತ್ತು. ಕಲಿತ ಕೆಲಸವನ್ನು ಕಲಿತ ರೀತಿಯಲ್ಲಿ ಮಾಡಲು ನಿಮಗೆ ಆಗುತ್ತಿದೆಯೇ ಎಂದು ಎಲ್ಲೂ ಕೇಳಿರಲಿಲ್ಲ. ನನ್ನನ್ನು ಒಳಗೊಳಗೇ ತಿನ್ನುವುದು ಆ ಕೇಳದ ಪ್ರಶ್ನೆಯೇ. ಈ ಕೆಲಸ ನನಗೆ ಇಷ್ಟ. ರೋಗಿ ಗುಣವಾಗಿ ಹೊರಟು ನಿಂತಾಗ ಆಗುವ ಸಂತೋಷ ಈಗಲೂ ಕಡಿಮೆಯಾಗಿಲ್ಲ. ಆದರೆ ಮಾಡದೆ ಇದ್ದುದಕ್ಕೆ ಮಾಡಿದೆ ಎಂದು ಸಹಿ ಹಾಕಿ ಮನೆಗೆ ಹೋಗುವ ಬೆಳಗು ಬಂದರೆ ಆ ಸಂತೋಷ ಉಳಿಯುವುದಿಲ್ಲ. ಕಿರಿಯರನ್ನು ಆ ದಾರಿಗೆ ತಳ್ಳಲು ನಾನು ತಯಾರಿಲ್ಲ. ನಿಮ್ಮ ಕಡೆ ಇದನ್ನು ಹೇಗೆ ನಿಭಾಯಿಸುತ್ತೀರಿ?

ತುಂಗಾತೀರ

ಸಿಸ್ಟರ್, ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ನಿಮ್ಮ ವಾರ್ಡಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆ.

ಒಬ್ಬ ರೋಗಿಯ ಬಿಪಿ, ನಾಡಿ, ಜ್ವರ, ಉಸಿರು ನೋಡಿ ಬರೆಯಲು ನಾಲ್ಕು ನಿಮಿಷ ಬೇಕು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿದರೆ ಇದಕ್ಕಿಂತ ಬೇಗ ಮುಗಿಯುವುದಿಲ್ಲ. 40 ಜನಕ್ಕೆ 160 ನಿಮಿಷ. ಬೆಳಿಗ್ಗೆ ಐದರಿಂದ ಏಳರವರೆಗಿನ ಎರಡು ಗಂಟೆಯನ್ನು ತೆಗೆದುಕೊಳ್ಳಿ. ಇಬ್ಬರು ನರ್ಸುಗಳ ಕೈಯಲ್ಲಿ ಒಟ್ಟು 240 ನಿಮಿಷ ಇದೆ. ತಪಾಸಣೆಗೆ 160 ಹೋಯಿತು. ಆರು ಗಂಟೆಯ ಇಂಜೆಕ್ಷನ್, ಮಾತ್ರೆ ಒಬ್ಬರಿಗೆ ಮೂರು ನಿಮಿಷವೆಂದರೂ 120. ಅಲ್ಲಿಗೇ 280 ಆಯಿತು. ರಕ್ತದ ಮಾದರಿ ತೆಗೆಯುವುದು, ಸಕ್ಕರೆ ಪರೀಕ್ಷೆ, ಇನ್ಸುಲಿನ್, ಮೂತ್ರದ ಚೀಲ ಖಾಲಿ ಮಾಡಿ ಅಳತೆ ಬರೆಯುವುದು, ಮುಗಿದ ಡ್ರಿಪ್ ಬದಲಿಸುವುದು, ಕೈ ಊದಿಕೊಂಡಿದ್ದರೆ ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿಟ್ಟ ಕೊಳವೆ) ತೆಗೆದು ಹೊಸದು ಹಾಕುವುದು, ಇದಾವುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಯಾರಿಗೂ ಏನೂ ಆಗದ ಶಾಂತ ಬೆಳಗಿನಲ್ಲೂ ಆ ಕೆಲಸ ಆ ಸಮಯದಲ್ಲಿ ಮುಗಿಯುವುದಿಲ್ಲ. ಹಾಗಿದ್ದ ಮೇಲೆ ನಿಮ್ಮ ಮೇಲಿನವರಿಗೆ ಪ್ರತಿದಿನ ಪೂರ್ತಿ ತುಂಬಿದ ಶೀಟು ಸಿಗುತ್ತಿದೆ ಎಂದರೆ ಅದರಲ್ಲಿ ಒಂದಿಷ್ಟು ಸುಳ್ಳು ಇದೆ ಎಂಬುದು ಅವರಿಗೂ ಗೊತ್ತಿರಲೇಬೇಕು.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಗಳಲ್ಲಿ ಮೂರು ಹಾಸಿಗೆಗೆ ಒಬ್ಬರು, ಉಳಿದ ಆಸ್ಪತ್ರೆಗಳಲ್ಲಿ ಐದಕ್ಕೆ ಒಬ್ಬರು, ಅದರ ಮೇಲೆ ರಜೆಗಾಗಿ ಶೇಕಡ 30ರಷ್ಟು ಮೀಸಲು. ನಾನು ಕಂಡಂತೆ ಆಡಳಿತದವರು ಈ ಅನುಪಾತವನ್ನು ಒಟ್ಟು ಹುದ್ದೆಗಳಿಗೆ ಹಚ್ಚಿ ತೋರಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಮೂರು ಪಾಳಿ, ವಾರದ ರಜೆ, ಹೆರಿಗೆ ರಜೆ, ಕಚೇರಿ ಕೆಲಸಕ್ಕೆ ಎಳೆದುಕೊಂಡವರು, ಎಲ್ಲರನ್ನೂ ಕಳೆದ ಮೇಲೆ ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಎಷ್ಟು ಜನ ನಿಂತಿದ್ದಾರೆ ಎಂಬುದೇ ನಿಜವಾದ ಅನುಪಾತ. ನಿಮ್ಮದು ಒಬ್ಬರಿಗೆ ಇಪ್ಪತ್ತು.

ಹಿತೈಷಿ

ನಾನು ನರ್ಸ್ ಅಲ್ಲ, ಆದರೆ ನನ್ನ ಚಿಕ್ಕಮ್ಮ ನರ್ಸ್ ಆಗಿದ್ದರು. ಅವರ ಕಾಲದಲ್ಲಿ ಯಾರೂ ನಿಮಿಷದ ಲೆಕ್ಕ ಹಾಕುತ್ತಿರಲಿಲ್ಲ. ಇದು ಸೇವೆ ಎಂದು ತಿಳಿದು ಬಂದವರು ಎಷ್ಟು ಜನ ರೋಗಿಗಳಿದ್ದರೂ ನೋಡಿಕೊಂಡರು. ಆಧುನಿಕ ಶುಶ್ರೂಷೆಗೆ ಬುನಾದಿ ಹಾಕಿದ, ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಚಿತ್ರವನ್ನು ಪ್ರತಿ ನರ್ಸಿಂಗ್ ಶಾಲೆಯಲ್ಲೂ ಹಾಕಿರುತ್ತಾರೆ. ಮನಸ್ಸಿದ್ದರೆ ಆಗುತ್ತದೆ ಎಂಬುದನ್ನು ನಾವು ಮರೆಯಬಾರದು ಎಂದು ವಿನಯದಿಂದ ಹೇಳುತ್ತೇನೆ.

ನೀಲಿಸೀರೆ

ನಿಮ್ಮ ಚಿಕ್ಕಮ್ಮನವರಿಗೆ ನಮಸ್ಕಾರ. ಅವರಂಥವರು ಕಟ್ಟಿದ ಹೆಸರಿನ ಮೇಲೆಯೇ ನಾವು ನಿಂತಿದ್ದೇವೆ.

ಆದರೆ ನೈಟಿಂಗೇಲ್ ಅವರನ್ನು ಲೆಕ್ಕಕ್ಕೆ ಎದುರಾಗಿ ನಿಲ್ಲಿಸಬೇಡಿ. 1854ರಲ್ಲಿ ಕ್ರಿಮಿಯಾ ಯುದ್ಧದ ಕಾಲದಲ್ಲಿ ಟರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದ ಅವರು ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸಾಯುತ್ತಿದ್ದಾರೆ ಎಂಬುದನ್ನು ತಿಂಗಳು ತಿಂಗಳ ಅಂಕಿಗಳಿಂದ ಸರ್ಕಾರಕ್ಕೆ ತೋರಿಸಿದರು. ಅದಕ್ಕೆಂದೇ ಬಣ್ಣದ ನಕ್ಷೆಗಳನ್ನು ಬರೆದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆ ಅವರು. ಸತ್ತವರ ಸಂಖ್ಯೆಯನ್ನು ಅಂದಾಜಿನಲ್ಲಿ ತುಂಬಿಕೊಂಡಿದ್ದರೆ ಅವರ ಮಾತಿಗೆ ಬೆಲೆ ಎಲ್ಲಿರುತ್ತಿತ್ತು? ಅಂಕಿ ನಿಜವಾಗಿರಬೇಕು ಎಂಬ ನನ್ನ ಹಟ ಅವರ ಶಾಲೆಯದೇ.

ಬಿಸಿಲನಾಡುಬ್ರದರ್

ಸಿಸ್ಟರ್, ನಿಮ್ಮ ಮಾತಿನ ಮೇಲೆ ನನಗೆ ಗೌರವ ಇದೆ. ಆದರೆ ಸಂಬಳವನ್ನು ಕ್ಯಾಂಟೀನ್ ಊಟದ ಸಾಲಿನಲ್ಲಿ ಕೂರಿಸಿ ಮುಂದೆ ಹೋದಿರಿ. ಅದನ್ನು ಒಪ್ಪಲಾರೆ.

ನಾನು ಕಲ್ಯಾಣ ಕರ್ನಾಟಕದ ಕಡೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹೊರಗುತ್ತಿಗೆ ನರ್ಸ್. ಪಕ್ಕದಲ್ಲಿ ನಿಂತ ಕಾಯಂ ನರ್ಸ್ ಮಾಡುವ ಕೆಲಸವನ್ನೇ ಮಾಡುತ್ತೇನೆ, ಅವರ ಸಂಬಳದ ಅರ್ಧವೂ ಬರುವುದಿಲ್ಲ. ಏಜೆನ್ಸಿ ಅದನ್ನೂ ತಿಂಗಳುಗಟ್ಟಲೆ ತಡಮಾಡುತ್ತದೆ. ಓದಿಗೆ ಮಾಡಿದ ಸಾಲ, ಮನೆ ಬಾಡಿಗೆ, ಊರಿನಲ್ಲಿ ಅಪ್ಪ ಅಮ್ಮ. ನನ್ನ ಜೊತೆಯವರು ಹಲವರು ರಾತ್ರಿ ಇಲ್ಲಿ ದುಡಿದು ಹಗಲು ನರ್ಸಿಂಗ್ ಹೋಮಿಗೆ ಹೋಗುತ್ತಾರೆ. ಇಪ್ಪತ್ತು ಗಂಟೆ ಎಚ್ಚರವಿದ್ದವನ ಕೈಯಲ್ಲಿ ಪೊಟ್ಯಾಸಿಯಮ್ ಕ್ಲೋರೈಡ್ ಆಂಪೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಸೀಸೆ) ಕೊಟ್ಟು ಅವನಿಂದ ನೀತಿ ನಿರೀಕ್ಷಿಸುವುದು ನ್ಯಾಯವಲ್ಲ. ಅದನ್ನು ನೀರಿನ ಆಂಪೂಲ್ ಎಂದು ಭಾವಿಸಿ ಒಮ್ಮೆಗೇ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ನಮ್ಮ ನೀತಿ ಶುರುವಾಗುವುದು ನಿದ್ದೆಯಿಂದ, ನಿದ್ದೆ ಶುರುವಾಗುವುದು ಒಂದೇ ಕೆಲಸದಿಂದ ಮನೆ ನಡೆಯುವಷ್ಟು ಸಂಬಳದಿಂದ.

ಖಾಸಗಿಯವರಿಗೂ ಇದು ಗೊತ್ತಿರಲಿ. ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೊಟ್ಟ ಆದೇಶದಂತೆ ಕೇಂದ್ರ ಸರ್ಕಾರ ಸಮಿತಿ ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆ ಇರುವ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸುಗಳಿಗೆ ಸಮನಾದ ಸಂಬಳ ಕೊಡಬೇಕು, 100ರಿಂದ 200ರವರೆಗೆ ಇದ್ದರೆ ಶೇಕಡ 10ಕ್ಕಿಂತ ಹೆಚ್ಚು ಕಡಿತ ಇರಬಾರದು, 50ರಿಂದ 100ರವರೆಗೆ ಶೇಕಡ 25ಕ್ಕಿಂತ ಹೆಚ್ಚು ಕಡಿತ ಇರಬಾರದು, 50ಕ್ಕಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದು ಎಂದು ಅದು ಶಿಫಾರಸು ಮಾಡಿತು. ಜಾರಿ ಮಾಡುವ ಕೆಲಸ ರಾಜ್ಯಗಳ ಪಾಲಿಗೆ ಬಂತು. ಕೇರಳದಲ್ಲಿ ನರ್ಸುಗಳು ಸಂಘ ಕಟ್ಟಿ ಬೀದಿಗಿಳಿದರು, 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ 20,000 ರೂಪಾಯಿ ಕನಿಷ್ಠ ಮೂಲ ವೇತನವೆಂದು ಅಧಿಸೂಚನೆ ಹೊರಡಿಸಿತು. ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿದ ಹುಡುಗ ಹುಡುಗಿಯರು ಅದರ ಹತ್ತಿರಕ್ಕೂ ಬಾರದ ಸಂಬಳಕ್ಕೆ ಸೇರುತ್ತಿರುವುದನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೇನೆ.

ನೀಲಿಸೀರೆ

ಬ್ರದರ್, ನೀವು ಹೇಳಿದ್ದು ಸರಿ. ಒಪ್ಪಿದೆ. ಸಂಬಳ ಕಡಿಮೆ ಇರುವುದರಿಂದಲೇ ಅನುಭವಸ್ಥರು ನಿಲ್ಲುವುದಿಲ್ಲ, ಅನುಭವಸ್ಥರು ನಿಲ್ಲದೆ ಇರುವುದರಿಂದಲೇ ರಾತ್ರಿ ಇಬ್ಬರಲ್ಲಿ ಒಬ್ಬಳು ಹೊಸಬಳಾಗಿರುತ್ತಾಳೆ. ಎರಡೂ ಒಂದೇ ಗಂಟಿನ ಎಳೆಗಳು.

ಹೊಸಡ್ಯೂಟಿ

ನಾನೂ ಕಳೆದ ವರ್ಷವಷ್ಟೇ ಸೇರಿದವಳು. ಅಕ್ಕ, ನಿಮ್ಮಂಥವರು ನಮ್ಮ ಪಾಳಿಯಲ್ಲಿ ಇಲ್ಲ. "ಕಾಲೇಜಿನಲ್ಲಿ ಕಲಿತದ್ದು ಪರೀಕ್ಷೆಗೆ, ವಾರ್ಡಿನದು ಬೇರೆ" ಎಂದು ಮೊದಲ ವಾರವೇ ಹೇಳಿದರು. ಅಂಕಣ ಖಾಲಿ ಬಿಟ್ಟರೆ ಬೈಗುಳ ನನಗೆ, ತುಂಬಿದರೆ ಮನಸ್ಸಿಗೆ ಕಷ್ಟ. ಬಿಟ್ಟು ಹೋಗೋಣವೆಂದರೆ ಅಂಕಪಟ್ಟಿ ಮತ್ತು ನೋಂದಣಿ ಪ್ರಮಾಣಪತ್ರದ ಮೂಲ ಪ್ರತಿಗಳು ಅವರ ಬಳಿ ಇವೆ. ಎರಡು ವರ್ಷ ಮುಗಿಯುವ ಮೊದಲು ಹೋದರೆ ಹಣ ಕಟ್ಟಬೇಕಂತೆ. ಇದಕ್ಕೆ ಏನಾದರೂ ದಾರಿ ಇದೆಯೇ?

ಕಾನೂನುಕಟ್ಟೆ

ತಂಗಿ, ನಾನು ವಕೀಲೆ. ಮೂಲ ಪ್ರಮಾಣಪತ್ರಗಳು ನಿಮ್ಮ ಆಸ್ತಿ. ಅವುಗಳನ್ನು ಒತ್ತೆ ಇಟ್ಟುಕೊಂಡು ದುಡಿಸಿಕೊಳ್ಳುವುದು ಬಲವಂತ. ಮೊದಲು ಲಿಖಿತವಾಗಿ ಕೇಳಿ. ಮನವಿ ಪತ್ರವನ್ನು ಎರಡು ಪ್ರತಿ ಮಾಡಿ ಒಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಮುದ್ರೆ ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆಮೇಲೆ ಕಾರ್ಮಿಕ ಇಲಾಖೆಗೂ ರಾಜ್ಯ ಶುಶ್ರೂಷಾ ಪರಿಷತ್ತಿಗೂ ದೂರು ಕೊಡಬಹುದು, ವಕೀಲರ ನೋಟಿಸ್ ಕೊಡಿಸಬಹುದು. ಒಬ್ಬರೇ ಕೊಡುವುದಕ್ಕಿಂತ ಜೊತೆಯವರು ನಾಲ್ಕೈದು ಜನ ಒಟ್ಟಿಗೆ ಕೊಟ್ಟರೆ ಒಬ್ಬರ ಮೇಲೆ ಹಗೆ ಸಾಧಿಸುವುದು ಕಷ್ಟವಾಗುತ್ತದೆ.

ಅಂಕಣ ತುಂಬುವ ವಿಷಯದಲ್ಲಿ ಒಂದು ಮಾತು ಎಲ್ಲರಿಗೂ ತಿಳಿದಿರಲಿ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಪ್ರಕರಣ ನಡೆದಾಗ ನಮ್ಮ ಮುಂದೆ ಬರುವ ಮೊದಲ ಕಾಗದ ಕೇಸ್ ಶೀಟು. ಎರಡು ಗಂಟೆಗೆ ಬಿಪಿ 120/80 ಎಂದು ಬರೆದಿದೆ, ಎರಡೂಕಾಲಿಗೆ ರೋಗಿ ತಣ್ಣಗಾಗಿದ್ದಾರೆ ಎಂದು ಮಗಳು ಕೂಗಿದ್ದಾಳೆ ಎಂದುಕೊಳ್ಳಿ. ಆಗ ಆ ಅಂಕಿಯ ಕೆಳಗೆ ಇರುವುದು ನರ್ಸಿನ ಸಹಿ. "ತುಂಬು" ಎಂದು ಬಾಯಿಮಾತಿನಲ್ಲಿ ಹೇಳಿದವರ ಹೆಸರು ಯಾವ ಹಾಳೆಯಲ್ಲೂ ಇರುವುದಿಲ್ಲ. ಖಾಲಿ ಅಂಕಣಕ್ಕೆ ಕಾರಣ ಕೊಡಬಹುದು. ಸುಳ್ಳು ಅಂಕಿಗೆ ಕಾರಣ ಕೊಡಲಾಗದು. ಅದು ಹೊರಬಿದ್ದರೆ ಇಡೀ ದಾಖಲೆಯ ಮೇಲೆ, ನೀವು ನಿಜವಾಗಿ ಮಾಡಿದ ಕೆಲಸದ ಮೇಲೂ ಯಾರೂ ನಂಬಿಕೆ ಇಡುವುದಿಲ್ಲ.

ರೋಗಿಯಕಡೆಯವನು

ನಾನು ಕೇಳುವುದು ತಪ್ಪಾದರೆ ಕ್ಷಮಿಸಿ. ನಮ್ಮ ತಂದೆಯವರು ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಪಕ್ಕದಲ್ಲೇ ಕುಳಿತಿದ್ದೆ. ಸಿಸ್ಟರ್ ಬರಲು ತಡವಾದರೆ ಸಿಟ್ಟು ಬರುತ್ತಿತ್ತು. ಆ ವಾರ್ಡಿನಲ್ಲಿ ಎಷ್ಟು ಜನ ನರ್ಸುಗಳಿದ್ದಾರೆ ಎಂದು ಯೋಚಿಸಿರಲಿಲ್ಲ. ಇದನ್ನು ನಮಗೇಕೆ ಹೇಳುವುದಿಲ್ಲ? ಬಿಲ್ಲಿನಲ್ಲಿ ಪ್ರತಿದಿನ ಶುಶ್ರೂಷಾ ಶುಲ್ಕವೆಂದು ಹಾಕುತ್ತಾರೆ. ಕೇಳುವ ಹಕ್ಕು ನಮಗೂ ಇದೆಯಲ್ಲವೇ?

ತುಂಗಾತೀರ

ಖಂಡಿತ ಇದೆ ಸರ್. ನಾವೇಕೆ ಹೇಳುವುದಿಲ್ಲ ಎಂದರೆ, ಹೇಳಿದ ಕೂಡಲೇ ಸಿಟ್ಟು ಎದುರಿಗೆ ನಿಂತವರ ಮೇಲೆ ತಿರುಗುತ್ತದೆ. ಆಡಳಿತ ಕಚೇರಿ ರಾತ್ರಿ ಬೀಗ ಹಾಕಿರುತ್ತದೆ. ನಮ್ಮ ರಾಜ್ಯದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಿಂದ ಪ್ರತ್ಯೇಕ ಕಾನೂನೇ ಇದೆ, ಅದರಲ್ಲಿ ನರ್ಸುಗಳೂ ಸೇರಿದ್ದಾರೆ. ಕಾನೂನು ಇದ್ದರೂ ಕೈ ಎತ್ತುವವರು ಎತ್ತುತ್ತಾರೆ. ದಯವಿಟ್ಟು ವಾರ್ಡಿನಲ್ಲಿ ಕೂಗಾಡದೆ ಹಗಲು ಹೊತ್ತಿನಲ್ಲಿ ವೈದ್ಯಕೀಯ ಅಧೀಕ್ಷಕರಿಗೆ ಬರೆದುಕೊಡಿ: ಇಂಥ ರಾತ್ರಿ, ಇಷ್ಟು ರೋಗಿಗಳಿಗೆ ಇಷ್ಟೇ ನರ್ಸುಗಳಿದ್ದರು ಎಂದು. ಖಾಸಗಿ ಆಸ್ಪತ್ರೆಯಾದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಅಲ್ಲಿಗೂ ದೂರು ಕೊಡಬಹುದು. ನಾವು ನೂರು ಸಲ ಹೇಳಿದರೂ ಆಗದ ಕೆಲಸ ರೋಗಿಯ ಕಡೆಯವರ ಒಂದು ಪತ್ರದಿಂದ ಆಗಿರುವುದನ್ನು ನೋಡಿದ್ದೇನೆ.

ಶರಾವತಿಕಡಲು

ಸೇವೆ, ತ್ಯಾಗ ಎಂಬ ಮಾತು ಮೇಲೆ ಬಂದಿರುವುದರಿಂದ ಬರೆಯುತ್ತಿದ್ದೇನೆ. ನಾನು ಹೊನ್ನಾವರ ತಾಲೂಕಿನವಳು, ಮುಂಬೈಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ನಮ್ಮ ಹಳದೀಪುರದ ಅರುಣಾ ಶಾನಭಾಗ್ ಅವರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಆಸ್ಪತ್ರೆಯ ಸ್ವಚ್ಛತಾ ಕೆಲಸಗಾರನೊಬ್ಬ ನಾಯಿಯ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಹಲ್ಲೆ ನಡೆಸಿದ. ಮೆದುಳಿಗೆ ಆಮ್ಲಜನಕ ಸಿಗದೆ ಹೋಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಹೆಚ್ಚುಕಡಿಮೆ 42 ವರ್ಷ, ಅದೇ ಆಸ್ಪತ್ರೆಯ ನರ್ಸುಗಳು ಅವರನ್ನು ನೋಡಿಕೊಂಡರು. ದಯಾಮರಣದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಾಗ, ಇಷ್ಟು ವರ್ಷ ಮಲಗಿದ್ದರೂ ಅವರಿಗೆ ಒಂದೇ ಒಂದು ಹಾಸಿಗೆ ಹುಣ್ಣು ಆಗಿಲ್ಲ ಎಂಬುದು ದಾಖಲಾಯಿತು. ಅವರ ಪರವಾಗಿ ಮಾತಾಡುವ ಅಧಿಕಾರ ಕೆಇಎಂ ಸಿಬ್ಬಂದಿಯದು ಎಂದು ನ್ಯಾಯಾಲಯ ಒಪ್ಪಿಕೊಂಡಿತು.

ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳುವುದು ಏನೆಂದು ನಮಗೆ ಮಾತ್ರ ಗೊತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೈ ಒರೆಸಿ ತೇವ ಉಳಿಯದಂತೆ ನೋಡಬೇಕು. ಹಾಸಿಗೆ ಬಟ್ಟೆಯಲ್ಲಿ ಒಂದು ಮಡಿಕೆಯೂ ಇರಕೂಡದು. ಹಿಮ್ಮಡಿ, ಸೊಂಟ, ಬೆನ್ನಿನ ಮೂಳೆ ಒತ್ತುವ ಜಾಗಗಳನ್ನು ದಿನವೂ ಕಣ್ಣಿಟ್ಟು ನೋಡಬೇಕು. ತಲೆಮಾರು ಬದಲಾದರೂ ಇದು ಒಂದು ಪಾಳಿಯಿಂದ ಇನ್ನೊಂದು ಪಾಳಿಗೆ ತಪ್ಪದೆ ಸಾಗಿತು. ಜನ ಅದನ್ನು ಮಮತೆ ಎಂದರು. ಮಮತೆ ಇತ್ತು, ನಿಜ. ಅದರ ಜೊತೆಗೆ ಸರದಿ ಇತ್ತು, ಬೇರೆ ಕೋಣೆ ಇತ್ತು, ಯಾರು ಯಾವಾಗ ನೋಡಬೇಕೆಂಬ ಹೊಣೆಗಾರಿಕೆ ಇತ್ತು. ಆ ನರ್ಸುಗಳು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳಲು ಸಾಧ್ಯವಾದದ್ದು ಬರೆದದ್ದನ್ನೆಲ್ಲ ನಿಜವಾಗಿ ಮಾಡಿದ್ದರಿಂದ.

ಇನ್ನೊಂದು ಸಂಗತಿಯನ್ನು ಹೇಳುವವರು ಕಡಿಮೆ. ಆ ಹಲ್ಲೆಯ ಬಳಿಕ ಮುಂಬೈಯ ನರ್ಸುಗಳು ಸುರಕ್ಷತೆಗಾಗಿ, ಒಳ್ಳೆಯ ಕೆಲಸದ ಪರಿಸ್ಥಿತಿಗಾಗಿ ಮುಷ್ಕರ ಹೂಡಿದರು. ರೋಗಿಯ ಪಕ್ಕ ನಿಂತವರೂ ಆಡಳಿತದ ಎದುರು ನಿಂತವರೂ ಒಂದೇ ಜನ. ನನ್ನ ಮಟ್ಟಿಗೆ ನೀಲಿಸೀರೆಯವರು ಮಾಡುತ್ತಿರುವುದೂ ಅದನ್ನೇ.

ಹಿತೈಷಿ

ಈ ಮುಷ್ಕರದ ವಿಷಯ ನನಗೆ ತಿಳಿದಿರಲಿಲ್ಲ. ಓದಿ ಮನಸ್ಸು ಭಾರವಾಯಿತು. ಸೇವೆ ಎಂದರೆ ಪ್ರಶ್ನಿಸದೆ ಇರುವುದು ಎಂಬ ಅರ್ಥ ನನ್ನ ಮಾತಿನಿಂದ ಬಂದಿದ್ದರೆ ಅದು ನನ್ನ ಉದ್ದೇಶವಾಗಿರಲಿಲ್ಲ.

ಮಂಜಿನೂರುಸಿಸ್ಟರ್

ಮಂಗಳೂರಿನಲ್ಲಿ ಓದಿ, ಬೆಂಗಳೂರಿನಲ್ಲಿ ದುಡಿದು, ಈಗ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದೇನೆ. ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಹೇಳಲು ಬಂದಿಲ್ಲ. 2022ರ ಡಿಸೆಂಬರ್‌ನಲ್ಲಿ ಇಲ್ಲಿನ ನರ್ಸುಗಳೂ ಮುಷ್ಕರ ಮಾಡಿದರು. ಸಂಬಳದಷ್ಟೇ ಸಿಬ್ಬಂದಿ ಕೊರತೆಯೂ ಅದಕ್ಕೆ ಕಾರಣವಾಗಿತ್ತು.

ಆದರೆ ಇಲ್ಲಿಂದ ಒಂದು ಪದ್ಧತಿಯನ್ನು ಎರವಲು ಪಡೆಯಬಹುದು. ಸ್ಟಾಫರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ರೋಗಿಗಳಿಗೆ ನೀರು ಕೊಡುವವರೂ ಇಲ್ಲದಂಥ ಸ್ಥಿತಿ ಇತ್ತು. 2013ರಲ್ಲಿ ಬಂದ ವಿಚಾರಣಾ ವರದಿ, ಆಡಳಿತ ಹಣಕಾಸಿನ ಗುರಿಗಳ ಹಿಂದೆ ಬಿದ್ದು ನರ್ಸುಗಳ ಸಂಖ್ಯೆ ಕುಗ್ಗಿದ್ದನ್ನೂ ದೂರು ಹೇಳಿದ ಸಿಬ್ಬಂದಿಯ ಮಾತಿಗೆ ಬೆಲೆ ಸಿಗದಿದ್ದುದನ್ನೂ ಎತ್ತಿ ತೋರಿಸಿತು. ಮರುವರ್ಷ ಇಲ್ಲಿನ ರಾಷ್ಟ್ರೀಯ ಮಾರ್ಗಸೂಚಿ ಸಂಸ್ಥೆ ವಾರ್ಡುಗಳಿಗೆ "ಕೆಂಪು ಬಾವುಟ" ಎಂಬ ವ್ಯವಸ್ಥೆ ಸೂಚಿಸಿತು. ನೋವಿನ ಔಷಧಿ ಕೊಡುವುದು 30 ನಿಮಿಷಕ್ಕಿಂತ ತಡವಾದರೆ, ವಾರ್ಡಿನಲ್ಲಿ ಇಬ್ಬರಿಗಿಂತ ಕಡಿಮೆ ನೋಂದಾಯಿತ ನರ್ಸುಗಳಿದ್ದರೆ, ಬಿಪಿ ನಾಡಿ ತಪಾಸಣೆ ನಿಗದಿಯಂತೆ ನಡೆಯದಿದ್ದರೆ ಅದನ್ನು ಕೂಡಲೇ ಪಾಳಿಯ ಮುಖ್ಯಸ್ಥರಿಗೆ ತಿಳಿಸಿ ದಾಖಲಿಸಬೇಕು. ನೀಲಿಸೀರೆ ಅಕ್ಕನಿಗೆ ಮೆಮೊ ಬಂದಿರುವುದು ಯಾವುದಕ್ಕೋ ಇಲ್ಲಿ ಅದನ್ನೇ ದಾಖಲಿಸಬೇಕೆಂದು ಹೇಳಿಕೊಡುತ್ತಾರೆ.

ಅಂಕಿ ಬೇಕೆನ್ನುವ ಆಡಳಿತದವರಿಗೆ ಕೊಡಲು ಇನ್ನೊಂದು. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮೇಲೆ ಲಿಂಡಾ ಐಕೆನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ನರ್ಸಿಗೆ ಒಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆ ಆದವರು 30 ದಿನದೊಳಗೆ ಸಾಯುವ ಸಂಭವ ಶೇಕಡ 7ರಷ್ಟು, ನರ್ಸುಗಳು ಬಳಲಿ ಬೇಸತ್ತು ಹೋಗುವ ಸಂಭವ ಶೇಕಡ 23ರಷ್ಟು, ಕೆಲಸದ ಬಗ್ಗೆ ಅತೃಪ್ತಿಯ ಸಂಭವ ಶೇಕಡ 15ರಷ್ಟು ಹೆಚ್ಚುವುದನ್ನು ಅವರು ಕಂಡರು. ರೋಗಿಯ ಜೀವ, ನರ್ಸಿನ ತೃಪ್ತಿ ಎರಡೂ ಒಂದೇ ಸಂಖ್ಯೆಯೊಂದಿಗೆ ಏರಿಳಿಯುತ್ತವೆ. ಕ್ಯಾಲಿಫೋರ್ನಿಯಾ ರಾಜ್ಯ 2004ರಲ್ಲಿ ನರ್ಸ್ ರೋಗಿ ಅನುಪಾತವನ್ನು ಕಾನೂನಾಗಿಯೇ ಜಾರಿಗೆ ತಂದಿತು.

ನಿವೃತ್ತಮೇಟ್ರನ್

ಎಲ್ಲರದ್ದೂ ಓದಿದೆ. ನಾನು ಮೇಜಿನ ಆ ಕಡೆ ಕುಳಿತು ಬಂದವಳು, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ನೀಲಿಸೀರೆ, ನಿನ್ನ ನಿಲುವು ಸರಿ ಮಗಳೇ. ಆದರೆ ಅಂಕಣವನ್ನು ಸುಮ್ಮನೆ ಖಾಲಿ ಬಿಡಬೇಡ. ಖಾಲಿ ಜಾಗ ನೋಡಿದವರು ಮರೆತಿದ್ದಾಳೆ ಎಂದುಕೊಳ್ಳುತ್ತಾರೆ, ಇಲ್ಲವೇ ಆಮೇಲೆ ಬೇರೆಯವರು ತುಂಬುತ್ತಾರೆ. ಅಲ್ಲೇ ಬರೆ: "ರಾತ್ರಿ 2ರ ತಪಾಸಣೆ ಆಗಿಲ್ಲ. 1.40ರಿಂದ 2.50ರವರೆಗೆ 6ನೇ ಹಾಸಿಗೆಯ ತುರ್ತು ಚಿಕಿತ್ಸೆಯಲ್ಲಿ ಇದ್ದೆವು. 3.10ಕ್ಕೆ ನೋಡಲಾಯಿತು." ಸಮಯ, ಕಾರಣ, ಸಹಿ. ಇದನ್ನು ಅಪೂರ್ಣ ದಾಖಲೆ ಎಂದು ಮೆಮೊ ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ. ನಾಲ್ಕು ಗಂಟೆಗೊಮ್ಮೆ ಎಂಬುದನ್ನು 40 ಜನಕ್ಕೂ ಯಾರು ಬರೆದರು, ಏಕೆ ಬರೆದರು ಎಂದು ಕೇಳು. ಹೆಚ್ಚಿನ ಕಡೆ ದಾಖಲಾದ ದಿನ ಕಿರಿಯ ವೈದ್ಯರು ವಾಡಿಕೆಯಂತೆ ಬರೆದಿರುತ್ತಾರೆ, ಡಿಸ್ಚಾರ್ಜ್ ಆಗುವವರೆಗೆ ಅದನ್ನು ಯಾರೂ ಬದಲಿಸುವುದಿಲ್ಲ. ನಾಳೆ ಮನೆಗೆ ಹೋಗುವವನನ್ನು ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಬಿಪಿ ನೋಡುವುದರಿಂದ ಅವನ ನಿದ್ದೆ ಕೆಡುತ್ತದೆ, ನಿನ್ನ ನಾಲ್ಕು ನಿಮಿಷ ಹೋಗುತ್ತದೆ. ಸಂಜೆಯ ರೌಂಡ್ಸ್‌ನಲ್ಲಿ ವೈದ್ಯರ ಜೊತೆ ನಿಂತು ಯಾರಿಗೆ ಗಂಟೆಗೊಮ್ಮೆ, ಯಾರಿಗೆ ನಾಲ್ಕು ಗಂಟೆಗೊಮ್ಮೆ, ಯಾರಿಗೆ ದಿನಕ್ಕೆ ಎರಡು ಸಲ ಸಾಕು ಎಂದು ಅವರ ಕೈಯಲ್ಲೇ ಬರೆಸಿಕೋ. ಕಡಿಮೆ ಮಾಡುವ ನಿರ್ಧಾರ ವೈದ್ಯರದೇ ಆಗಿರಲಿ, ನರ್ಸ್ ತಾನಾಗಿ ಕಡಿಮೆ ಮಾಡಬಾರದು.

ಹೀಗೆ ಮಾಡಿದರೆ ಕೈಗೆ ಸಮಯ ಸಿಗುತ್ತದೆ. ಆ ಸಮಯವನ್ನು ತಪ್ಪಿಸಲೇಬಾರದ ಕಡೆ ಹಾಕಬೇಕು. ರಕ್ತ ಕೊಡುತ್ತಿದ್ದರೆ ಮೊದಲ ಹದಿನೈದು ನಿಮಿಷ ಪಕ್ಕದಿಂದ ಕದಲಕೂಡದು, ಹೊಂದಿಕೆಯಾಗದ ರಕ್ತದ ಲಕ್ಷಣ ಬಹುತೇಕ ಆಗಲೇ ಕಾಣುತ್ತದೆ. ಹೆರಿಗೆ ವಾರ್ಡಿನಲ್ಲಿ ಗರ್ಭನಂಜಿಗೆ (ಬಸುರಿಯರಲ್ಲಿ ಬಿಪಿ ಏರಿ ಫಿಟ್ಸ್ ಬರಬಹುದಾದ ಸ್ಥಿತಿ) ಮೆಗ್ನೀಸಿಯಮ್ ಸಲ್ಫೇಟ್ ಕೊಡುವಾಗ ಪ್ರತಿ ಡೋಸಿಗೂ ಮುಂಚೆ ಉಸಿರಿನ ಗತಿ, ಮೊಣಕಾಲು ತಟ್ಟಿದಾಗಿನ ಪ್ರತಿಕ್ರಿಯೆ, ಮೂತ್ರದ ಪ್ರಮಾಣ ಮೂರನ್ನೂ ನೋಡಲೇಬೇಕು. ಅಲ್ಲಿ ಅಂದಾಜಿನಲ್ಲಿ ಉಸಿರು 18 ಎಂದು ಬರೆದು ಮುಂದಿನ ಡೋಸ್ ಕೊಟ್ಟರೆ ಆ ತಾಯಿಯ ಉಸಿರೇ ನಿಲ್ಲಬಹುದು. ಅಂಕಣ ತುಂಬುವ ಅಭ್ಯಾಸವನ್ನು ನಾನು ವಿರೋಧಿಸುವುದು ಇದಕ್ಕಾಗಿ. ಜನರಲ್ ವಾರ್ಡಿನಲ್ಲಿ ಅಂದಾಜು ಬರೆದು ರೂಢಿಯಾದ ಕೈ ಹೆರಿಗೆ ವಾರ್ಡಿಗೆ ಹೋದ ದಿನ ಬದಲಾಗುವುದಿಲ್ಲ.

ಬಿಸಿಲನಾಡುಬ್ರದರ್

ಮೇಡಂ, ವೈದ್ಯರ ಕೈಯಲ್ಲಿ ಬರೆಸುವ ಉಪಾಯ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾಳೆಯೇ ಕೇಳುತ್ತೇನೆ. ಒಂದು ಆತಂಕ ಮಾತ್ರ ಇದೆ: ಹೀಗೆ ಹೊಂದಿಸಿಕೊಂಡರೆ, ಇಬ್ಬರಲ್ಲೇ ಸುಧಾರಿಸುತ್ತದೆ ಎಂದು ಮೂರನೆಯವರನ್ನು ಕೊಡದೆ ಇದ್ದುಬಿಡುವುದಿಲ್ಲವೇ?

ನಿವೃತ್ತಮೇಟ್ರನ್

ಆಗಬಹುದು ತಮ್ಮಾ. ಅದಕ್ಕಾಗಿಯೇ ಬಾಯಿಮಾತು ಬೇಡ, ಪ್ರತಿ ಪಾಳಿಯ ಕೊನೆಗೆ ಅರ್ಧ ಪುಟ ಬರೆದಿಡಿ ಎನ್ನುತ್ತೇನೆ. ರೋಗಿಗಳೆಷ್ಟು, ಅವರಲ್ಲಿ ಗಂಭೀರ ಸ್ಥಿತಿಯವರೆಷ್ಟು, ನರ್ಸುಗಳೆಷ್ಟು, ಏನು ಮಾಡಲಾಗಲಿಲ್ಲ, ಯಾರಿಗೆ ಎಷ್ಟು ಗಂಟೆಗೆ ಫೋನ್ ಮಾಡಿ ತಿಳಿಸಿದಿರಿ. ಮೂರು ತಿಂಗಳು ಇಂಥ ಪುಟಗಳು ಸೇರಿದರೆ ನನ್ನಂಥವಳು ಅದನ್ನು ಹಿಡಿದುಕೊಂಡು ಆಡಳಿತ ಮಂಡಳಿಯ ಮುಂದೆ ಹೋಗಬಹುದು. ನಾನು ಸೂಪರಿಂಟೆಂಡೆಂಟ್ ಆಗಿದ್ದಾಗ ಸಿಬ್ಬಂದಿ ಬೇಕೆಂದು ಕೇಳಿದಾಗಲೆಲ್ಲ ಅವರು ಮೇಜಿನ ಮೇಲೆ ಇಡುತ್ತಿದ್ದುದು ಪೂರ್ತಿ ತುಂಬಿದ ಕೇಸ್ ಶೀಟುಗಳನ್ನು. "ಕೆಲಸವೆಲ್ಲ ಆಗುತ್ತಿದೆಯಲ್ಲ ಸಿಸ್ಟರ್, ಇನ್ನೊಬ್ಬರು ಏಕೆ?" ಎನ್ನುತ್ತಿದ್ದರು. ನಮ್ಮ ಹುಡುಗಿಯರು ಹೆದರಿ ಬರೆದ ಅಂಕಿಗಳೇ ನಮಗೆ ಎದುರು ಸಾಕ್ಷಿಯಾಗುತ್ತಿದ್ದವು.

ಹೊಸಡ್ಯೂಟಿ

ಮೇಡಂ ಹೇಳಿದ ಈ ಕೊನೆಯ ಮಾತನ್ನು ನಮ್ಮ ಪಾಳಿಯವರಿಗೆಲ್ಲ ಕಳಿಸಿದ್ದೇನೆ. ಪ್ರಮಾಣಪತ್ರಕ್ಕೆ ಮನವಿ ಬರೆಯಲು ನಾವು ಐದು ಜನ ಸೇರಿದ್ದೇವೆ. ವಕೀಲ ಅಕ್ಕ, ಕರಡು ಕಳಿಸಿದರೆ ನೋಡಿಕೊಡುತ್ತೀರಾ?

ಕಾನೂನುಕಟ್ಟೆ

ಕಳಿಸು. ಆಸ್ಪತ್ರೆಯ ಹೆಸರನ್ನು ಇಲ್ಲಿ ಹಾಕಬೇಡ, ಖಾಸಗಿ ಸಂದೇಶದಲ್ಲಿ ಕಳಿಸು.

ನೀಲಿಸೀರೆ

ಎಲ್ಲರಿಗೂ ಧನ್ಯವಾದ. ಮೆಮೊಗೆ ಉತ್ತರ ಬರೆದಿದ್ದೇನೆ. ಬೆಳಗಿನ ಎರಡು ಗಂಟೆಯ ಲೆಕ್ಕವನ್ನು ತುಂಗಾತೀರ ಅವರು ಹಾಕಿದ ಹಾಗೆಯೇ ಸೇರಿಸಿದ್ದೇನೆ. ತಪಾಸಣೆಯ ಆವರ್ತನವನ್ನು ದಿನಾ ಸಂಜೆ ಪರಿಶೀಲಿಸಲು ನಮ್ಮ ಘಟಕದ ವೈದ್ಯರು ಒಪ್ಪಿದ್ದಾರೆ. ಮೊದಲ ಸಂಜೆ ಹದಿನಾರು ಜನರಿಗೆ ದಿನಕ್ಕೆ ಎರಡು ಸಲ ಎಂದು ಬದಲಿಸಿದರು. ಪಾಳಿ ಪತ್ರಕ್ಕೆ ಒಂದು ನಮೂನೆ ಮಾಡಿದ್ದೇನೆ, ತಿದ್ದುವುದಿದ್ದರೆ ಹೇಳಿ:

"ದಿನಾಂಕ, ವಾರ್ಡ್, ಪಾಳಿ. ಮಂಜೂರಾದ ಹಾಸಿಗೆ, ಇರುವ ರೋಗಿಗಳು, ಹೆಚ್ಚುವರಿ ಮಂಚಗಳು. ಗಂಭೀರ ಸ್ಥಿತಿಯವರು. ಹಾಜರಿದ್ದ ನರ್ಸುಗಳು. ಪಾಳಿಯಲ್ಲಿ ಬಂದ ಹೊಸ ದಾಖಲಾತಿ, ತುರ್ತು ಘಟನೆಗಳು. ಸಮಯಕ್ಕೆ ಆಗದ ತಪಾಸಣೆ ಹಾಗೂ ಔಷಧಿ, ಅದಕ್ಕೆ ಕಾರಣ, ಆಮೇಲೆ ಮಾಡಿದ ಸಮಯ. ತಿಳಿಸಿದ ಅಧಿಕಾರಿ, ತಿಳಿಸಿದ ಸಮಯ. ಸಹಿ."

ನಿವೃತ್ತಮೇಟ್ರನ್

ಚೆನ್ನಾಗಿದೆ. ಎರಡು ತಿದ್ದುಪಡಿ. ತಿಳಿಸಿದಾಗ ಆ ಅಧಿಕಾರಿ ಏನು ಉತ್ತರ ಕೊಟ್ಟರು ಎಂಬುದಕ್ಕೂ ಒಂದು ಸಾಲು ಬಿಡು. ಸಹಿಯ ಜಾಗದಲ್ಲಿ ಹೊಸಬಳ ಸಹಿ ಬೇಡ, ಪಾಳಿಯ ಜವಾಬ್ದಾರಿ ಹೊತ್ತ ನಿನ್ನದು ಮಾತ್ರ ಇರಲಿ. ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ ಬರೆ, ಒಂದು ಸೂಪರಿಂಟೆಂಡೆಂಟ್ ಕಚೇರಿಗೆ, ಇನ್ನೊಂದು ವಾರ್ಡಿನ ಕಡತದಲ್ಲಿ.